ಮುನಿದ ಹಳದಿ

ನಮ್ಮ ಬಣ್ಣದ ಮನೆಯಲ್ಲಿ ಬಣ್ಣ ಕೆಡುವುದಿಲ್ಲ, ಮುನಿಸಿಕೊಳ್ಳುತ್ತದೆ. ಇದು ಅಪ್ಪನ ಮಾತು. ಹಂಡೆಯಿಂದ ನಗುತ್ತಾ ಮೇಲೆ ಬರಬೇಕಾದ ಹಳದಿ ಬಟ್ಟೆ ಮುಖ ಕಪ್ಪಿಟ್ಟುಕೊಂಡು ಪಾಚಿ ಬಣ್ಣದಲ್ಲಿ ಬಂದರೆ, ಬೇರೆ ಬಣ್ಣಗಾರರು ‘ಕೆಟ್ಟಿತು’ ಅಂತ ಮೂಲೆಗೆ ಎಸೆಯುತ್ತಾರೆ. ಅಪ್ಪ ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದು, ‘ಯಾಕೋ ಮುನಿಸಿಕೊಂಡಿದೆ’ ಅನ್ನುತ್ತಾನೆ. ಮುನಿಸಿಗೊಂದು ಕಾರಣ ಇರುತ್ತದೆ, ಆ ಕಾರಣ ಹುಡುಕಿ ತೆಗೆದರೆ ಮುನಿಸು ಬಿಡುತ್ತದೆ, ಆದ್ದರಿಂದ ಬೈಯಬಾರದು. ಮಕ್ಕಳಿಗೂ ಇದೇ ನ್ಯಾಯ ಇತ್ತೇ ಅಂತ ಮಾತ್ರ ಕೇಳಬೇಡಿ. ನನಗೆ ಬೇಕಾದಷ್ಟು ಏಟು ಬಿದ್ದಿವೆ.

ಕಾರಣ ಯಾವಾಗಲೂ ಒಂದೇ, ಕಬ್ಬಿಣ. ಚೆಂಡುಹೂವಿನ ಹಳದಿಗೆ ಕಬ್ಬಿಣದ ಗಾಳಿ ಸೋಕಿದರೂ ಸಾಕು, ಅದು ಅವತ್ತಿಗೆ ಮುನಿಯಿತು. ಅದಕ್ಕೇ ನಮ್ಮಲ್ಲಿ ಹಂಡೆ ತಾಮ್ರದ್ದು, ಕಲಕುವ ಕೋಲು ಮರದ್ದು, ಬಾಗಿಲಿಗೆ ಕೂಡ ಮರದ ಅಗುಳಿ. ಒಳಗೆ ಬರುವವರು ಕೀಲಿಕೈ, ಗಡಿಯಾರ, ಬೆಲ್ಟು ಎಲ್ಲವನ್ನೂ ಹೊರಗಿನ ಗೂಟಕ್ಕೆ ನೇತುಹಾಕಬೇಕು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಇದೇ ಮನೆಯೊಳಗೆ ನನ್ನದೊಂದು ತಲೆಪಿನ್ನು ಕಳೆದುಹೋಯಿತು. ಅದನ್ನು ಹುಡುಕಿದ ಅಷ್ಟೂ ದಿನ ಮನೆಯಲ್ಲಿ ಒಲೆ ಹೊತ್ತಿತೋ ಇಲ್ಲವೋ, ಅಪ್ಪನ ಹೊಟ್ಟೆ ಮಾತ್ರ ಹೊತ್ತಿ ಉರಿಯುತ್ತಿತ್ತು. ಇವತ್ತಿಗೂ ನಾನು ಕೂದಲಿಗೆ ದಾರವನ್ನೇ ಕಟ್ಟುವುದು.

ಈಗ ಬಣ್ಣದ ಮನೆಯಲ್ಲಿ ನಾವು ಮೂವರು, ಅಪ್ಪ, ನಾನು, ಉದ್ದಣ್ಣ. ಉದ್ದಣ್ಣನಿಗೆ ಅವನ ತಾಯಿ ಇಟ್ಟ ಹೆಸರೊಂದು ಇದೆ. ಆದರೆ ಒಣಗಿಸುವ ಹಗ್ಗವನ್ನು ಏಣಿಯಿಲ್ಲದೆ ಮುಟ್ಟುವ ಮನುಷ್ಯನನ್ನು ಇನ್ನೇನಂತ ಕರೆಯುವುದು? ನನ್ನ ತಂಗಿ ನಾಲ್ಕನೆಯವಳಾಗಬೇಕಿತ್ತು, ಆಗಲಿಲ್ಲ. ಅದಕ್ಕೂ ಅಪ್ಪನೇ ಕಾರಣ. ಅಪ್ಪ ದಿನಾ ಬೆಳಿಗ್ಗೆ ಮನೆಯ ಪಕ್ಕದ ಹೊಳೆಯ ಮೆಟ್ಟಿಲಿಳಿದು, ಬೊಗಸೆ ನೀರು ಬಾಯಿಗೆ ಹಾಕಿ, ಮುಕ್ಕಳಿಸಿ, ಕಣ್ಣು ಮುಚ್ಚಿಕೊಂಡು ಉಗುಳುತ್ತಾನೆ. ಇವತ್ತು ನೀರು ಮೆತ್ತಗಿದೆ, ಬಣ್ಣ ಕಚ್ಚಿಸೋ ಪಟಿಕ ಸ್ವಲ್ಪ ಕಮ್ಮಿ ಹಾಕು. ಇವತ್ತು ಗಡುಸಾಗಿದೆ, ಹೂವು ಬೇಗ ತೆಗಿ. ತಂಗಿ ನಡೆಯಲು ಕಲಿತಾಗಿನಿಂದ ಅವನ ಹಿಂದೆ ಇಳಿದು ತಾನೂ ಮುಕ್ಕಳಿಸಿ ಉಗುಳುತ್ತಿದ್ದಳು. ನಾನು ಬಟ್ಟೆಯ ಕಡೆ ಹೋದೆ, ಅವಳು ನೀರಿನ ಕಡೆ ಹೋದಳು. ಓದಿ, ಕೆಳಗಿನ ಪಟ್ಟಣದ ನೀರು ಸರಬರಾಜು ಸ್ಥಾವರದಲ್ಲಿ ನೀರು ಪರೀಕ್ಷಿಸುವ ಕೆಲಸಕ್ಕೆ ಸೇರಿದಳು. ‘ನಾಲಿಗೆಗೆ ಸಂಬಳ ಕೊಡೋ ಕಡೆ ಸೇರ್ಕೊಂಡ್ಳು’ ಅಂತ ಅಪ್ಪ ಸಿಕ್ಕಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದ.

ಆ ಕೆಲಸದಲ್ಲಿ ಅವಳ ನಿದ್ದೆ ಕೆಡಿಸಿದ್ದು ನೈಟ್ರೇಟ್. ಹೊಲಕ್ಕೆ ಹಾಕಿದ ಗೊಬ್ಬರದ ಉಪ್ಪು ಮಳೆಗೆ ತೊಳೆದು ಹೊಳೆಗೆ ಬರುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ಮರಳಿನಲ್ಲಿ ಸೋಸಿದರೂ ಹೋಗುವುದಿಲ್ಲ. ದೊಡ್ಡವರು ಕುಡಿದು ಅರಗಿಸಿಕೊಳ್ಳುತ್ತಾರೆ. ಅದೇ ನೀರಿನಲ್ಲಿ ಹಾಲಿನ ಪುಡಿ ಕದಡಿ ಎಳೆಗೂಸಿಗೆ ಕುಡಿಸಿದರೆ, ಕೂಸಿನ ರಕ್ತಕ್ಕೆ ಉಸಿರು ಹೊರುವ ಶಕ್ತಿಯೇ ಹೋಗುತ್ತದೆ. ಪಟ್ಟಣದಲ್ಲಿ ಒಂದು ಕೂಸು ತುಟಿ ನೀಲಿಯಾಗಿ ಆಸ್ಪತ್ರೆಗೆ ಬಂತು. ಬದುಕಿತು. ತಂಗಿ ನೋಡಲು ಹೋಗಿದ್ದಳು. ಮನೆಗೆ ಬಂದವಳು ಊಟಕ್ಕೆ ಕೂತು, ತನ್ನ ಲೋಟದ ನೀರನ್ನೇ ನೋಡುತ್ತಾ, ಮುಟ್ಟದೆ ಎದ್ದಳು.

ಹೊಳೆಯ ಮೇಲ್ಭಾಗದಲ್ಲಿ, ನಮ್ಮ ಅಜ್ಜನಿಗೂ ಮುಂಚೆ, ಒಂದು ದೊಡ್ಡ ಜೌಗು ಇತ್ತಂತೆ. ಕಾಲುವೆ ತೋಡಿ, ನೀರು ಬಸಿದು, ಅದನ್ನು ಹೊಲ ಮಾಡಿದ್ದರು. ಜೌಗಿನ ಕೆಸರಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಇರುತ್ತವೆ, ಅವು ನೈಟ್ರೇಟನ್ನು ತಿಂದು ಬರೀ ಗಾಳಿ ಮಾಡಿ ಬಿಡುತ್ತವೆ ಎಂದು ತಂಗಿ ಹೇಳಿದಾಗ, ಇವಳಿಗೆ ಯಾರೋ ಚೆನ್ನಾಗಿ ಕಿವಿಗೆ ಹೂವಿಟ್ಟಿದ್ದಾರೆ ಅಂದುಕೊಂಡೆ. ಆ ಜೌಗನ್ನು ಮರಳಿ ತರಲು ಅವಳೂ ಅವಳಂಥ ಇನ್ನಷ್ಟು ಜನರೂ ವರ್ಷಗಟ್ಟಲೆ ಚಪ್ಪಲಿ ಸವೆಸಿದರು. ಕೊನೆಗೆ ಕಾಲುವೆಗಳನ್ನು ಮುಚ್ಚಿದರು. ನೀರು ನಿಂತಿತು, ಜೊಂಡು ಎದ್ದಿತು, ಎಲ್ಲಿದ್ದವೋ ಹಕ್ಕಿಗಳು ಬಂದು ಕೂತವು. ಜೌಗಿನ ಉದ್ಘಾಟನೆಯ ದಿನ ಅಪ್ಪ ಪ್ಯಾಂಟು ಮೊಣಕಾಲಿಗೆ ಮಡಚಿ ಕೆಸರಿಗಿಳಿದು ತನ್ನ ಕೈಯಾರೆ ಒಂದು ಸಾಲು ಜೊಂಡು ನೆಟ್ಟ.

‘ನನ್ನ ಮಗಳು ಹೊಳೆಗೇ ಜರಡಿ ಹಾಕಿದಾಳೆ. ಇನ್ಮೇಲೆ ನಮಗೆ ಸೋಸಿದ ನೀರು’ ಅಂದ. ಅವತ್ತು ಅವನ ಮುಖ ನೋಡಬೇಕಿತ್ತು.

ಮುಂದಿನ ಮಳೆ ಹಿಡಿದ ಮೇಲೆ ತಂಗಿ ಫೋನು ಮಾಡಿದಳು. ‘ಅಕ್ಕಾ, ಅರ್ಧಕ್ಕಿಂತ ಕೆಳಗಿಳಿದಿದೆ! ಅರ್ಧಕ್ಕಿಂತ! ಅಪ್ಪಂಗೆ ಕೊಡು.’ ಅಪ್ಪನಿಗೆ ಕೊಟ್ಟೆ. ಅಪ್ಪ ಕೇಳಿಸಿಕೊಂಡ, ನಕ್ಕ, ಆಮೇಲೆ ಫೋನು ನನ್ನ ಕೈಗಿಟ್ಟು ಕಣ್ಣೊರೆಸಿಕೊಂಡ. ನೈಟ್ರೇಟಿಗೆ ಇಷ್ಟು ಅಳುವವನಲ್ಲವಲ್ಲ ಎಂದು ನೋಡಿದರೆ, ಎರಡನೇ ಸುದ್ದಿ ಇತ್ತು. ತಂಗಿ ಬಸುರಿ. ಮದುವೆಯಾಗಿ ಎಷ್ಟೋ ವರ್ಷದ ಮೇಲೆ, ನಾವೆಲ್ಲ ಕೇಳುವುದನ್ನೇ ಬಿಟ್ಟ ಮೇಲೆ.

ನಮ್ಮ ಮನೆಯಲ್ಲಿ ಹುಟ್ಟುವ ಕೂಸನ್ನು ಮೊದಲು ಸುತ್ತುವುದು ಅಪ್ಪ ಬಣ್ಣ ಹಾಕಿದ ಹಳದಿ ಬಟ್ಟೆಯಲ್ಲಿ. ಶಾಸ್ತ್ರ ಏನಲ್ಲ, ಅಪ್ಪನ ಹಟ. ನನ್ನನ್ನು ಸುತ್ತಿದ, ತಂಗಿಯನ್ನು ಸುತ್ತಿದ, ನನ್ನ ಇಬ್ಬರು ಮಕ್ಕಳನ್ನೂ ಸುತ್ತಿದ. ಆ ಬಟ್ಟೆಗಳು ಸವೆದು, ಹರಿದು, ಅಡುಗೆಮನೆ ಒರೆಸುವ ಚಿಂದಿಯಾದವು, ಬಣ್ಣ ಮಾತ್ರ ಹೋಗಲಿಲ್ಲ. ಅಪ್ಪ ಅವತ್ತೇ ಪೆಟ್ಟಿಗೆಯಿಂದ ಮೆತ್ತನೆಯ ಬಿಳಿ ಹತ್ತಿ ಬಟ್ಟೆ ತೆಗೆದು ಮುಖಕ್ಕೆ ಒತ್ತಿ ನೋಡಿದ. ‘ಇದು ನನ್ನ ಕೈಯ ಕೊನೇ ಕೂಸಿನ ಬಟ್ಟೆ ಕಣೆ. ಚೆನ್ನಾಗಿ ಹಾಕ್ತೀನಿ’ ಅಂದ.

ಅದೇ ವಾರ ಹಳದಿ ಮುನಿಸಿಕೊಂಡಿತು.

ಮೊದಲು ಅಂಗಡಿಯವರಿಗಾಗಿ ಬಣ್ಣ ಹಾಕಿದ ಬಟ್ಟೆಯ ಥಾನು ಪಾಚಿ ಬಣ್ಣಕ್ಕೆ ಬಂತು. ಅಪ್ಪ ಬೆಳಕಿಗೆ ಹಿಡಿದ. ‘ಕಬ್ಬಿಣ ಎಲ್ಲೋ ಸೇರಿದೆ’ ಅಂದ. ಶುರುವಾಯಿತು ನೋಡಿ ನಮ್ಮ ಕಬ್ಬಿಣದ ಬೇಟೆ. ಹಂಡೆಗಳನ್ನು ಕವುಚಿ ಉಜ್ಜಿದೆವು. ಪಂಪಿನ ಕೊಳವೆ ಬಿಚ್ಚಿ ಪ್ಲಾಸ್ಟಿಕ್ಕಿನದು ಹಾಕಿದೆವು. ಮಾಡಿನ ಮೊಳೆಗಳಿಗೆಲ್ಲ ಮೇಣ ಮೆತ್ತಿದೆವು. ಒಲೆಯ ಪಕ್ಕದ ಹಾಸುಗಲ್ಲು ಎಬ್ಬಿಸಿದಾಗ ಅದರ ಕೆಳಗೆ ತುಕ್ಕು ಹಿಡಿದ ಒಂದು ಎಳೆ ಸಿಕ್ಕಿತು. ನನ್ನ ಮೂರನೇ ಕ್ಲಾಸಿನ ತಲೆಪಿನ್ನು. ಅಪ್ಪ ಅದನ್ನು ಅಂಗೈ ಮೇಲಿಟ್ಟುಕೊಂಡು ನನ್ನನ್ನು ನೋಡಿದ ನೋಟವಿದೆಯಲ್ಲ! ಬೆಟ್ಟ ಅಗೆದು ಇಲಿ ಹಿಡಿದದ್ದಾಯಿತು. ಸಿಕ್ಕಿದ ಕಳ್ಳ ಅಂತ ಮತ್ತೊಂದು ಹಂಡೆ ಹಾಕಿದೆವು, ಮತ್ತೆ ಮುನಿಸು.

ಕೊನೆಗೆ ಅಪ್ಪನ ಕಣ್ಣು ಉದ್ದಣ್ಣನ ಬಾಯಿಯ ಮೇಲೆ ಬಿತ್ತು. ಉದ್ದಣ್ಣ ಆಗಷ್ಟೇ ಒಂದು ದವಡೆ ಹಲ್ಲಿಗೆ ಲೋಹದ ಟೋಪಿ ಹಾಕಿಸಿಕೊಂಡು ಬಂದಿದ್ದ.

‘ಹಂಡೆ ಹತ್ರ ಬಾಯಿ ತೆಗೀಬೇಡ ಮಾರಾಯ’ ಅಂದ ಅಪ್ಪ.

ಉದ್ದಣ್ಣ ತಮಾಷೆ ಅಂದುಕೊಂಡು ನಕ್ಕ. ನಕ್ಕಾಗ ಟೋಪಿ ಫಳಫಳ ಹೊಳೆಯಿತು.

‘ನಗಬೇಡ ಅಂದ್ನಲ್ಲ!’

‘ಯಜಮಾನ್ರೇ, ಹಾಗಾದ್ರೆ ಹಲ್ಲು ಕಿತ್ತು ಗೂಟಕ್ಕೆ ನೇತುಹಾಕ್ಲಾ?’ ಅಂದವನೇ, ಗೂಟದಿಂದ ತನ್ನ ಗಡಿಯಾರ ತೆಗೆದುಕೊಂಡು ಹೊರಟುಹೋದ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಬಣ್ಣದ ಮನೆಯಲ್ಲಿ ನಾವಿಬ್ಬರೇ ಉಳಿದೆವು, ಹಗ್ಗಕ್ಕೆ ಏಣಿ ಬೇಕಾಯಿತು.

ಒಂದು ಕಡೆ ಮಾತ್ರ ನಾವು ಹುಡುಕಲಿಲ್ಲ. ಅಪ್ಪ ದಿನಾ ಹೊಳೆಯ ನೀರು ಮುಕ್ಕಳಿಸಿ ‘ಮೆತ್ತಗಿದೆ, ಬೆಣ್ಣೆ ಹಾಗಿದೆ’ ಅನ್ನುತ್ತಿದ್ದ. ಮಗಳು ಸೋಸಿ ಕಳಿಸಿದ ನೀರು. ಅದರ ಮೇಲೆ ಅನುಮಾನ ಪಡುವುದು ಅವನ ತಲೆಗೆ ಹೊಳೆಯುವುದಾದರೂ ಹೇಗೆ? ನನಗೂ ಹೊಳೆಯಲಿಲ್ಲ. ಅಡುಗೆಮನೆಯ ಒರೆಸುವ ಚಿಂದಿ, ಅಷ್ಟು ವರ್ಷ ಹೊಳೆಯಲ್ಲೇ ಒಗೆದರೂ ಹಳದಿಯಾಗಿದ್ದದ್ದು, ಆ ಮಳೆಗಾಲ ಪಾಚಿ ಬಣ್ಣಕ್ಕೆ ತಿರುಗಿದ್ದನ್ನು ನಾನು ದಿನಾ ಕೈಯಲ್ಲಿ ಹಿಡಿಯುತ್ತಿದ್ದೆ. ಮಸಿ ಅಂದುಕೊಂಡೆ.

ಹೊಟ್ಟೆ ಕಾಣುವಷ್ಟಾದ ಮೇಲೆ ತಂಗಿ ಒಂದು ರಜಾದಿನ ಬಂದಳು. ಅಂಗಳಕ್ಕೆ ಬಂದವಳು ಒಳಗೆ ಬರಲಿಲ್ಲ. ಹಗ್ಗದ ಮೇಲೆ ಸಾಲಾಗಿ ತೂಗುತ್ತಿದ್ದ ಬಟ್ಟೆಗಳನ್ನು ನೋಡುತ್ತಾ ನಿಂತಳು.

‘ಅಕ್ಕಾ, ಇದು ಯಾವಾಗಿಂದ ಹೀಗೆ?’

‘ಮಳೆ ಹಿಡಿದಾಗಿಂದ. ನಿಮ್ಮಪ್ಪ ನನ್ನ ತಲೆಪಿನ್ನು ಹುಡುಕಿದ್ದಾಯ್ತು, ಉದ್ದಣ್ಣನ ಹಲ್ಲು ಎಣಿಸಿದ್ದಾಯ್ತು.’

ಅವಳು ನಗಲಿಲ್ಲ. ಗಾಜಿನ ಲೋಟ ತೆಗೆದುಕೊಂಡು ಮೆಟ್ಟಿಲಿಳಿದು, ನೀರು ತುಂಬಿ, ಹಿಂದೆ ಬಿಳಿ ಬಟ್ಟೆ ಹಿಡಿದು ನೋಡಿದಳು. ನೀರು ಹಾಲಿಲ್ಲದ ತೆಳು ಚಹಾದ ಬಣ್ಣಕ್ಕಿತ್ತು. ದಿನಾ ನೋಡುವ ಹೊಳೆ, ಲೋಟಕ್ಕೆ ಹಾಕಿ ನೋಡಿದವರು ಯಾರು? ತಂಗಿ ಒಂದು ಬಾಟಲಿ ತುಂಬಿಕೊಂಡು ಊಟಕ್ಕೂ ನಿಲ್ಲದೆ ಹೊರಟಳು. ಫೋನಿನಲ್ಲಿ ಹೇಳಬಹುದಿತ್ತು, ಹೇಳಲಿಲ್ಲ. ಎರಡು ದಿನ ಬಿಟ್ಟು ತಾನೇ ಬಂದಳು.

ಮೆಟ್ಟಿಲ ಮೇಲೆ ಮೂವರೂ ಕೂತೆವು.

‘ಅಪ್ಪಾ, ಕಬ್ಬಿಣ ಹೊಳೇಲಿದೆ’ ಅಂದಳು.

ಅಪ್ಪ ತಲೆಯಾಡಿಸಿದ. ‘ಇಲ್ಲಮ್ಮ. ಇದ್ದಿದ್ರೆ ನಾಲಿಗೆಗೆ ಸಿಗ್ತಿತ್ತು.’

‘ಸಿಗಲ್ಲಪ್ಪಾ. ಬರೀ ಕಬ್ಬಿಣ ಆಗಿದ್ರೆ ಸಿಗ್ತಿತ್ತು. ಇದು ಕೊಳೆತ ಎಲೆ ರಸದ ಕೈ ಹಿಡ್ಕೊಂಡು ಬರ್ತಿದೆ. ರುಚಿನೂ ಇಲ್ಲ, ತಳಕ್ಕೂ ಕೂರಲ್ಲ.’

ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಆ ಹೊಲದ ಮಣ್ಣಿನಲ್ಲಿ ಕಬ್ಬಿಣ ತುಕ್ಕಾಗಿ, ಯಾರ ತಂಟೆಗೂ ಹೋಗದೆ ಕೂತಿತ್ತು. ಈಗ ಅದು ನೀರಿನಡಿ ಸೇರಿದೆ. ಗಾಳಿಯಿಲ್ಲದ ಕೆಸರಿನಲ್ಲಿ ತುಕ್ಕು ಕರಗುತ್ತದೆ. ಯಾವ ಕೆಸರು ನೈಟ್ರೇಟನ್ನು ತಿನ್ನುತ್ತದೋ ಅದೇ ಕೆಸರು, ಗಾಳಿಯಿಲ್ಲ ಅನ್ನುವ ಅದೇ ಕಾರಣಕ್ಕೆ, ಕಬ್ಬಿಣವನ್ನು ಬಿಟ್ಟುಕೊಡುತ್ತದೆ. ಜೌಗು ಕೆಟ್ಟಿಲ್ಲ. ಜೌಗು ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ.

‘ನಿನಗೆ ಗೊತ್ತಿರಲಿಲ್ವಾ?’ ಅಂದೆ. ನನ್ನ ದನಿ ಏರಿತ್ತು.

‘ಸ್ವಲ್ಪ ಬರಬಹುದು ಅಂತ ಗೊತ್ತಿತ್ತು ಅಕ್ಕಾ. ಕುಡಿಯೋ ನೀರಿನ ಲೆಕ್ಕಕ್ಕೆ ಅದು ದೊಡ್ಡದಲ್ಲ, ಸ್ಥಾವರದಲ್ಲಿ ತೆಗೀತೀವಿ. ಹಳದಿ ಲೆಕ್ಕ ಯಾರೂ ಹಾಕಿರಲಿಲ್ಲ. ನಾನೂ ಹಾಕ್ಲಿಲ್ಲ. ಈ ಮನೇಲಿ ಹುಟ್ಟಿ ನಾನೂ ಹಾಕ್ಲಿಲ್ಲ.’

‘ಮತ್ತೆ ಕಾಲುವೆ ಬಿಚ್ಚಿ. ನೀರು ಬಿಟ್ಟುಬಿಡಿ. ಮುಂಚೆ ಇದ್ದ ಹಾಗೆ ಮಾಡಿ.’

‘ಮುಂಚಿನ ಹಾಗೆ ಆಗಲ್ಲ. ಒದ್ದೆಯಾದ ಕೆಸರಿಗೆ ಮತ್ತೆ ಗಾಳಿ ಕೊಟ್ರೆ ಹುಳಿ ಕಾರತ್ತೆ, ಕಬ್ಬಿಣ ಒಂದೇ ಸಲ ಕೊಚ್ಚಿಕೊಂಡು ಬರತ್ತೆ. ಇದಕ್ಕಿಂತ ಕೆಟ್ಟದಾಗತ್ತೆ. ನೈಟ್ರೇಟೂ ವಾಪಸ್ ಬರತ್ತೆ.’

ಅತ್ತ ದರಿ, ಇತ್ತ ಪುಲಿ. ನನಗೆ ಸಿಟ್ಟು ನೆತ್ತಿಗೇರಿತ್ತು, ಆದರೆ ಯಾರ ಮೇಲೆ ಇಳಿಸುವುದು? ಹೊಲ ಮಾಡಿದವರು ಸತ್ತು ಎಷ್ಟು ಕಾಲವಾಯಿತೋ. ಕಾಲುವೆ ಮುಚ್ಚಿದವಳು ನನ್ನ ಪಕ್ಕದಲ್ಲಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದಾಳೆ. ಬೈಯಲು ಒಬ್ಬ ಖಳನಾದರೂ ಬೇಡವೇ?

ಅಪ್ಪ ಒಂದೇ ಮಾತು ಕೇಳಿದ. ‘ಎಷ್ಟು ದಿನಕ್ಕೆ ಬಿಡತ್ತೆ ಈ ಮುನಿಸು?’

ತಂಗಿ ಹೊಳೆ ನೋಡಿದಳು. ‘ಹತ್ತು ವರ್ಷ ಆಗಬಹುದು ಅಪ್ಪಾ. ಹದಿನೈದೂ ಆಗಬಹುದು. ನಿಜ ಹೇಳ್ಬೇಕಂದ್ರೆ ಯಾರಿಗೂ ಗೊತ್ತಿಲ್ಲ.’

ಅಪ್ಪ ತನ್ನ ಕೈಗಳನ್ನು ತಿರುಗಿಸಿ ನೋಡಿಕೊಂಡ. ಉಗುರಿನ ಸಂದಿಯಲ್ಲಿ ಹಳೆಯ ಹಳದಿ ಇನ್ನೂ ಇತ್ತು. ‘ಕೂಸು ಅಷ್ಟು ದಿನ ಕಾಯಲ್ವಲ್ಲಮ್ಮ’ ಅಂದ.

ಆಮೇಲೆ ನಾವು ಮಾಡದ ಪ್ರಯತ್ನ ಇಲ್ಲ. ಕೊಳವೆ ಬಾವಿಯ ನೀರಿನಲ್ಲಿ ಹಾಕಿದೆವು. ಅದು ಉಪ್ಪು, ಬಟ್ಟೆ ದದ್ದು ಎದ್ದ ಮೈಯ ಹಾಗೆ ಅಲ್ಲೊಂದು ಇಲ್ಲೊಂದು ಕಡೆ ಬಣ್ಣ ಹಿಡಿಯಿತು. ನಲ್ಲಿ ನೀರಿನಲ್ಲಿ ಹಾಕಿದೆವು. ಅದರಲ್ಲಿರುವ ಕ್ಲೋರಿನ್ ಹಳದಿಯ ಜೀವ ಹೀರಿ ಬಿಳಚಿಸಿತು. ಮರಳಿನ ಹಾಸು ಮಾಡಿ ಹೊಳೆ ನೀರು ಸೋಸಿದರೆ ಚಹಾ ಚಹಾವಾಗಿಯೇ ಇಳಿಯಿತು. ತಂಗಿ ತನ್ನ ಸ್ಥಾವರದಲ್ಲಿ ಮಾಡುವ ಹಾಗೆ ಪಟಿಕ ಹಾಕಿ ಪೀಪಾಯಿಯಲ್ಲಿ ನೀರು ತಿಳಿಗೊಳಿಸಿದಳು. ‘ನೋಡಪ್ಪಾ, ನಿನ್ನದೂ ಪಟಿಕ, ನನ್ನದೂ ಪಟಿಕ’ ಅಂದಳು. ಅಪ್ಪ ಆಸೆಯಿಂದ ನೋಡಿದ. ನೀರು ಕನ್ನಡಿಯಂತಾಯಿತು. ಬಟ್ಟೆ ಎದ್ದಾಗ ಮೊದಲಿನಷ್ಟು ಕಪ್ಪಿರಲಿಲ್ಲ, ಹಳದಿಯೂ ಆಗಿರಲಿಲ್ಲ. ಚೂರೇ ಚೂರು ಕಬ್ಬಿಣ ಉಳಿದಿತ್ತು. ಕುಡಿಯುವುದಕ್ಕೆ ಸಾಕು, ಹಳದಿಗೆ ಸಾಲದು.

ಈ ನಡುವೆ ಹಳದಿ ಕೇಳುವ ಅಂಗಡಿಯವರು ಒಬ್ಬೊಬ್ಬರೇ ಬೇರೆ ಕಡೆ ಹೋದರು. ಹೊಸದಾಗಿ ಬಂದ ಒಬ್ಬ ಅಂಗಡಿಯವ ಹಗ್ಗದ ಮೇಲಿನ ಪಾಚಿ ಬಣ್ಣ ನೋಡಿ, ‘ಆಹಾ, ಈಗ ಇದೇ ಓಡ್ತಿರೋದು! ಎಷ್ಟಿದ್ರೂ ಕೊಡಿ’ ಅಂದ. ಅಪ್ಪ ಅವನನ್ನು ಬಾಗಿಲವರೆಗೆ ಕಳಿಸಿ ಬಂದು, ‘ಮುನಿಸನ್ನ ಯಾರಾದ್ರೂ ಮಾರ್ತಾರಾ?’ ಅಂದ. ನಾನಾಗಿದ್ದರೆ ಮಾರುತ್ತಿದ್ದೆ.

ದಾರಿ ತೋರಿಸಿದವಳು ಕೊನೆಗೂ ತಂಗಿಯೇ. ತನ್ನ ಪ್ರಯೋಗಾಲಯದಲ್ಲಿ ಆವಿ ಮಾಡಿ ಇಳಿಸಿದ ನೀರಿಗೆ, ಹಳೆಯ ಹೊಳೆಯಲ್ಲಿ ಎಷ್ಟು ಸುಣ್ಣದ ಅಂಶ ಇತ್ತೋ ಅಷ್ಟನ್ನೇ ಬೆರೆಸಿ, ಗಾಜಿನ ಪಾತ್ರೆಯಲ್ಲಿ ಅಂಗೈಯಗಲದ ಒಂದು ಚೂರಿಗೆ ಬಣ್ಣ ಹಾಕಿ ತಂದಳು. ಅಪ್ಪ ಅದನ್ನು ಬೆಳಕಿಗೆ ಹಿಡಿದ. ನಮ್ಮ ಹಳದಿ. ಅವನ ಬಾಯಿ ಚಿಕ್ಕ ಹುಡುಗನ ಹಾಗೆ ಸ್ವಲ್ಪ ತೆರೆದುಕೊಂಡಿತು.

‘ಈ ನೀರಲ್ಲಿ ನಮ್ಮ ಕೆಲಸ ಎಲ್ಲಾ ನಡೆಯಲ್ಲಪ್ಪಾ. ಥಾನು ಜಾಲಿಸೋಕೆ ಹೊಳೇನೇ ಬೇಕು, ಹೊಳೇನ ಆವಿ ಮಾಡೋಕಾಗಲ್ಲ. ಆದ್ರೆ ಒಂದು ಬಟ್ಟೆಗೆ ಸಾಕಾಗೋವಷ್ಟು ಕ್ಯಾನುಗಳಲ್ಲಿ ತರ್ತೀನಿ. ಒಂದೇ ಬಟ್ಟೆಗೆ.’

ಅಪ್ಪ ಪೆಟ್ಟಿಗೆಯಿಂದ ಆ ಬಿಳಿ ಹತ್ತಿ ಬಟ್ಟೆ ತೆಗೆದ.

ಕ್ಯಾನುಗಳು ಬಂದ ದಿನ ನಾನೇ ಉದ್ದಣ್ಣನ ಮನೆಗೆ ಹೋಗಿ ಕರೆದೆ. ಅವನು ಬಂದು ಗೂಟದ ಮುಂದೆ ನಿಂತು, ಗಡಿಯಾರ ನೇತುಹಾಕಿ, ‘ಹಲ್ಲು ಒಳಗಿರ್ಲಾ ಹೊರಗಿರ್ಲಾ ಯಜಮಾನ್ರೇ?’ ಅಂತ ಕೇಳಿದ. ಅಪ್ಪ ಅವನ ಕೈ ಹಿಡಿದುಕೊಂಡ. ಆ ದಿನದಂಥ ದಿನ ಆ ವರ್ಷದಲ್ಲಿ ಇನ್ನೊಂದು ಬರಲಿಲ್ಲ. ಚಿಕ್ಕ ತಾಮ್ರದ ಹಂಡೆಯನ್ನು ಕ್ಯಾನಿನ ನೀರಿನಲ್ಲೇ ತೊಳೆದೆವು. ಅಪ್ಪ ಆ ನೀರನ್ನೂ ಮುಕ್ಕಳಿಸಿ ನೋಡಿ, ‘ನಡೆಯತ್ತೆ’ ಅಂದ. ಪಟಿಕದಲ್ಲಿ ನೆನೆಸಿದ ಬಟ್ಟೆ, ಹೂವಿನ ರಸ, ಹದವಾದ ಬೆಂಕಿ. ತಂಗಿ ತುಂಬಿದ ಹೊಟ್ಟೆ ಹೊತ್ತುಕೊಂಡು ಬಾಗಿಲಲ್ಲಿ ಸ್ಟೂಲು ಹಾಕಿ ಕೂತಿದ್ದಳು. ಅಪ್ಪ ಕೋಲಿನಲ್ಲಿ ಎತ್ತಿದಾಗ ಬಟ್ಟೆ ನಕ್ಕಿತು. ಬೇರೆ ಮಾತು ನನಗೆ ಗೊತ್ತಿಲ್ಲ, ನಕ್ಕಿತು. ಉದ್ದಣ್ಣನೂ ಹಲ್ಲು ಬಿಟ್ಟು ನಕ್ಕ, ಯಾರೂ ಅವನನ್ನು ಬೈಯಲಿಲ್ಲ.

ಜಾಲಿಸಿದ್ದೂ ಕ್ಯಾನಿನ ನೀರಿನಲ್ಲೇ. ಒಂದು ಕ್ಯಾನು ಉಳಿಯಿತು. ತಂಗಿ ಅದನ್ನು ಅಡುಗೆಮನೆ ಮೂಲೆಯಲ್ಲಿಡಿಸಿ, ‘ಇದನ್ನ ಒಗೆಯೋಕೆ ಅಂತಲೇ ಇಟ್ಟಿರಿ. ಹೊಳೆ ನೀರು ಮಾತ್ರ ತಾಗಿಸ್ಬೇಡಿ, ಒರೆಸೋ ಚಿಂದಿ ಗತಿ ಆಗತ್ತೆ’ ಅಂದಳು. ‘ನನಗೆ ಹೇಳ್ಕೊಡ್ತೀಯಾ?’ ಅಂದ ಅಪ್ಪ.

ಹೆಣ್ಣು ಕೂಸು ಹುಟ್ಟಿತು. ಆಸ್ಪತ್ರೆಯಲ್ಲಿ ಮೊದಲು ಸುತ್ತಿದ್ದು ಆ ಬಟ್ಟೆಯನ್ನೇ. ಸ್ವಲ್ಪ ದಿನಕ್ಕೆ ತಂಗಿ ಕೂಸನ್ನೆತ್ತಿಕೊಂಡು ನಮ್ಮಲ್ಲಿಗೆ ಬಂದಳು. ಅವಳಿಗೆ ಹಾಲು ಸಾಲುತ್ತಿರಲಿಲ್ಲ, ಪುಡಿ ಹಾಲೂ ಕುಡಿಸಬೇಕಿತ್ತು. ನಮ್ಮ ನಲ್ಲಿಗೆ ಬರುವುದು ಅವಳ ಸ್ಥಾವರದ ನೀರೇ. ಅವಳು ಅದನ್ನು ಕಾಯಿಸಿ, ಆರಿಸಿ, ಪುಡಿ ಕದಡುವುದನ್ನು ಅಪ್ಪ ನೋಡುತ್ತಾ ನಿಂತಿದ್ದ.

‘ಇದೂ ಹೊಳೆ ನೀರೇ ತಾನೇ?’

‘ಹೊಳೆ ನೀರೇ ಅಪ್ಪಾ. ಜೌಗು ಬರೋಕೆ ಮುಂಚೆ ಆಗಿದ್ರೆ ನಾನು ಕೊಡ್ತಿರಲಿಲ್ಲ. ಈಗ ಕಣ್ಣು ಮುಚ್ಚಿ ಕೊಡ್ತೀನಿ.’

ಅಪ್ಪ ತಲೆಯಾಡಿಸಿದ. ಕೂಸು ಹಳದಿಯೊಳಗಿಂದ ಬಾಟಲಿ ಚೀಪಿತು. ತುಟಿ ಕೆಂಪಗಿತ್ತು.

ಒಂದು ಬೆಳಿಗ್ಗೆ ಕೂಸು ಕೂಸುಗಳು ಮಾಡುವ ಕೆಲಸವನ್ನು ಬಟ್ಟೆ ತುಂಬಾ ಮಾಡಿತು. ತಂಗಿ ಮೂಗು ಮುಚ್ಚಿಕೊಂಡು, ‘ಅಪ್ಪಾ, ಅಲ್ಲಿಟ್ಟಿರು, ಆಮೇಲೆ ನಾನು ಒಗೀತೀನಿ’ ಅಂದಳು.

‘ಬಾಣಂತಿ ನೀನು ಸುಮ್ನೆ ಕೂತ್ಕೋ. ಮೊಮ್ಮಗಳ ಬಟ್ಟೆ, ನಾನು ಒಗೆಯೋದೇ!’ ಅಪ್ಪ ಅದನ್ನು ಏನೋ ಬಹುಮಾನ ಸಿಕ್ಕಿದವರ ಹಾಗೆ ಎತ್ತಿಕೊಂಡು ಹೊರಟ. ನಾನು ಒಲೆಯ ಮುಂದಿದ್ದೆ. ಅವನು ಹಾಡಿಕೊಳ್ಳುತ್ತಾ ಹೋಗಿದ್ದು ಕೇಳಿಸಿತು, ಸ್ವಲ್ಪ ಹೊತ್ತಿಗೆ ಹಾಡಿಕೊಳ್ಳುತ್ತಾ ಬಂದದ್ದೂ ಕೇಳಿಸಿತು. ಬಂದು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು, ಅದಕ್ಕೆ ಪಟಿಕದ ಗುಣಗಳನ್ನು ವಿವರಿಸುತ್ತಾ ಕೂತ.

ಬಣ್ಣ ಹಾಕಿದ ಬಟ್ಟೆಯನ್ನು ಉಜ್ಜಿ ತೊಳೆದ ಮೇಲೆ, ಹರಿಯುವ ನೀರಿಗೆ 'ಹೊಳೆಗೆ ಬಿಡುವುದು' ನಮ್ಮ ಕೆಲಸದ ರೀತಿ. ಒಂದು ತುದಿಯನ್ನು ಮೆಟ್ಟಿಲ ಬಳಿಯ ಕಲ್ಲಿನ ಅಡಿ ಸಿಕ್ಕಿಸಿ, ಉಳಿದದ್ದನ್ನು ನೀರಿಗೆ ಬಿಟ್ಟು, ಬೇರೆ ಕೆಲಸ ನೋಡಿಕೊಳ್ಳುವುದು. ನೀರು ತಾನೇ ಜಾಲಿಸುತ್ತದೆ. ಅಪ್ಪ ಇದನ್ನು ಮೀಸೆ ಮೂಡುವುದಕ್ಕೂ ಮುಂಚಿನಿಂದ ಮಾಡುತ್ತಾ ಬಂದಿದ್ದಾನೆ. ಅವತ್ತೂ ಅಡುಗೆಮನೆಯ ಕ್ಯಾನನ್ನು ದಾಟಿಕೊಂಡು, ಮೆಟ್ಟಿಲಿಳಿದು, ಉಜ್ಜಿ, ತೊಳೆದು, ಹೊಳೆಗೆ ಬಿಟ್ಟು ಬಂದಿದ್ದ.

ಮಧ್ಯಾಹ್ನ ಊಟಕ್ಕೆ ಕರೆದರೆ ಅಪ್ಪ ಒಳಗಿರಲಿಲ್ಲ. ಹೊರಗೆ ಬಂದು ನೋಡಿದೆ. ಮೊಣಕಾಲುದ್ದ ನೀರಿನಲ್ಲಿ ನಿಂತು, ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಬೆಳಕಿಗೆ ಹಿಡಿದಿದ್ದ. ಬಟ್ಟೆಯಿಂದ ನೀರು ಅವನ ತೋಳಿನ ಮೇಲೆ ಇಳಿಯುತ್ತಿತ್ತು. ಬಣ್ಣ ಪಾಚಿಯದು.

‘ಕೈ ಮಾಡಿಬಿಡ್ತು ಕಣೆ. ನಾನು ಮಾಡ್ಲಿಲ್ಲ. ಕೈ ಮಾಡ್ಬಿಡ್ತು’ ಅಂದ.

ಉಳಿದ ಕ್ಯಾನಿನಲ್ಲಿ ಅದ್ದಿದರೂ ಹಿಡಿದ ಕಬ್ಬಿಣ ಬಿಡುವುದಿಲ್ಲ, ಅದು ನನಗಿಂತ ಅವನಿಗೆ ಚೆನ್ನಾಗಿ ಗೊತ್ತು. ಹೋಗಿ ಅವನ ಭುಜ ಹಿಡಿದುಕೊಂಡು ನಿಂತೆ. ಅಷ್ಟರಲ್ಲಿ ತಂಗಿ ಕೂಸನ್ನು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಮೇಲೆ ಬಂದಳು. ಅಪ್ಪ ಬಟ್ಟೆಯನ್ನು ಬೆನ್ನ ಹಿಂದೆ ಅಡಗಿಸಿದ. ಅದರ ತುದಿ ನೀರಿನಲ್ಲಿ ತೇಲುತ್ತಿತ್ತು.

ತಂಗಿ ನೋಡಿದಳು. ಅವಳ ಮುಖ ಒಂದು ಕ್ಷಣ ಬಿಳುಚಿತು, ಆಮೇಲೆ ನಗಲು ನೋಡಿದಳು.

‘ಪರವಾಗಿಲ್ಲ ಅಪ್ಪಾ. ಮುನಿಸು ತಾನೇ? ಬಿಡತ್ತೆ.’

ಅಪ್ಪ ಬಟ್ಟೆಯನ್ನು ಮುಂದಕ್ಕೆ ತಂದು ಹಿಂಡಿದ. ತುಂಬಾ ಹೊತ್ತು ಹಿಂಡಿದ.

‘ಇಲ್ಲ ಕಣಮ್ಮ’ ಅಂದ. ‘ಕಾರಣ ಗೊತ್ತಿದ್ದೂ ತೆಗೆಯೋಕೆ ಆಗ್ದಿದ್ರೆ ಅದು ಮುನಿಸಲ್ಲ. ಇನ್ಮೇಲೆ ಅದರ ಬಣ್ಣವೇ ಇದು.’

ಮೇಲೆ ಬಂದು ತಾನೇ ಹಗ್ಗಕ್ಕೆ ಹಾಕಿದ. ಕೈ ಎಟುಕಲಿಲ್ಲ, ಏಣಿ ತಂದು ಹತ್ತಿ ಹಾಕಿದ. ತಂಗಿ ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತಳು. ಅವಳ ಹೆಗಲ ಮೇಲೆ ಕೂಸೂ ಹಸಿವಿಗೆ ಅಳತೊಡಗಿತು. ಇಬ್ಬರಲ್ಲಿ ಒಬ್ಬರ ಅಳುವನ್ನಾದರೂ ನಿಲ್ಲಿಸಬಹುದಲ್ಲ ಎಂದು ನಾನು ಹಾಲಿಗೆ ನೀರು ಕಾಯಿಸಲು ಒಳಗೆ ಹೋದೆ. ನಲ್ಲಿ ತಿರುಗಿಸಿದೆ. ನೀರು ತಿಳಿಯಾಗಿ ಬಂತು.